ಮಿಕ್ ಜೋನ್ಸ್ ಮಾರಿಹೋದನೇ?

ಹೋದ ಸಂತೆಯ ದಿನ ಗಿರಣಿಯ ಹುಡುಗನೊಬ್ಬ ಕಪ್ಪು ಟೀ ಷರ್ಟು ತೊಟ್ಟು ಎದುರಾದ. ಎದೆಯ ಮೇಲೆ ಒಬ್ಬಾತ ಗಿಟಾರನ್ನು ಎರಡೂ ಕೈಯಲ್ಲೆತ್ತಿ ನೆಲಕ್ಕೆ ಅಪ್ಪಳಿಸುತ್ತಿರುವ ಚಿತ್ರ. "ಇವರು ಯಾರಪ್ಪಾ?" ಎಂದು ಕೇಳಿದೆವು. "ಗೊತ್ತಿಲ್ಲ ಮೇಷ್ಟ್ರೇ, ನೂರೈವತ್ತಕ್ಕೆ ಸಿಕ್ಕಿತು" ಎಂದ. ಚಿತ್ರದಲ್ಲಿರುವವನು ಲಂಡನ್ನಿನ 'ದಿ ಕ್ಲ್ಯಾಷ್' ಎಂಬ ತಂಡದ ಪಾಲ್ ಸಿಮನನ್. 1979ರ ಡಿಸೆಂಬರಿನಲ್ಲಿ ಹೊರಬಂದ 'ಲಂಡನ್ ಕಾಲಿಂಗ್' ಎಂಬ ಗ್ರಾಮಫೋನ್ ಪ್ಲೇಟಿನ ಹೊದಿಕೆಯ ಮೇಲೆ ಈ ಚಿತ್ರವಿತ್ತು. ಆ ತಂಡದಲ್ಲಿ ಗಿಟಾರನ್ನು ಒಡೆಯದೆ ನುಡಿಸುತ್ತಿದ್ದ ಇನ್ನೊಬ್ಬನಿದ್ದ. ಅವನ ಹೆಸರು ಮಿಕ್ ಜೋನ್ಸ್. ಈ ವಾರದ ನಮ್ಮ ಮಾತು ಅವನ ಬಗ್ಗೆ.

ಇದನ್ನು ಬರೆಯುತ್ತೇವೆಂದಾಗ ಯೂನಿಯನ್ ಕಚೇರಿಯಲ್ಲಿ ವಿದ್ಯಾವಂತ ಮಿತ್ರರೊಬ್ಬರು ನಕ್ಕರು. "ಅವರೆಲ್ಲ ಮಾರಿಹೋದ ಸರಕು. 1977ರ ಜನವರಿ 25ರಂದೇ ಅಮೆರಿಕದ ಕಂಪನಿಗೆ ಒಂದು ಲಕ್ಷ ಪೌಂಡಿಗೆ ಬಿಕರಿಯಾದರು. ಬಂಡಾಯದ ಹಾಡು ಹಾಡಿ ಬಂಡವಾಳಗಾರನ ಜೇಬಿನಲ್ಲಿ ಕೂತವರ ಕತೆ ಕೂಲಿಗಾರರಿಗೆ ಯಾಕೆ?" ಎಂದರು. ಇದು ಅವರೊಬ್ಬರ ಮಾತಲ್ಲ. ಆ ಒಪ್ಪಂದಕ್ಕೆ ಸಹಿ ಬಿದ್ದ ದಿನವೇ ಪಂಕ್ ಸತ್ತಿತೆಂದು ಲಂಡನ್ನಿನ ಪಂಕ್ ಪತ್ರಿಕೆಯೊಂದರ ಸಂಪಾದಕನೇ ತೀರ್ಪು ಕೊಟ್ಟಿದ್ದ. ನಮ್ಮ ಮಿತ್ರರ ವಾದಕ್ಕೆ ಇಷ್ಟು ವಯಸ್ಸಾಗಿದೆ. ಹಳೆಯದಾದ ಮಾತ್ರಕ್ಕೆ ಅದು ಸರಿಯಾಗಬೇಕಿಲ್ಲ.

ಮೊದಲು ಆಸಾಮಿಯ ಪರಿಚಯವಾಗಲಿ. ಜೋನ್ಸ್ ಹುಟ್ಟಿದ್ದು 1955ರ ಜೂನ್ 26ರಂದು, ದಕ್ಷಿಣ ಲಂಡನ್ನಿನಲ್ಲಿ. ತಂದೆ ಟ್ಯಾಕ್ಸಿ ಓಡಿಸುತ್ತಿದ್ದವರು. ತಂದೆತಾಯಿ ಬೇರೆಯಾದರು, ತಾಯಿ ಅಮೆರಿಕಕ್ಕೆ ಹೋದಳು, ಹುಡುಗನನ್ನು ಅಜ್ಜಿ ಸಾಕಿದಳು. ಸರ್ಕಾರ ಬಡವರಿಗಾಗಿ ಕಟ್ಟಿಸಿದ ಗೋಪುರದಂಥ ವಠಾರದಲ್ಲಿ ಹದಿನೆಂಟನೆಯ ಅಂತಸ್ತಿನ ಮನೆ, ಕಿಟಕಿಯ ಕೆಳಗೆ ಹಗಲಿರುಳೂ ಮೋಟಾರು ಓಡುವ ಮೇಲ್ಸೇತುವೆ. ಚಿತ್ರಕಲಾ ಶಾಲೆಗೆ ಹೋಗುವುದರ ನಡುವೆ ಕೆಲವು ಕಾಲ ಪ್ಯಾಡಿಂಗ್ಟನ್ನಿನ ಸರ್ಕಾರಿ ಭತ್ಯದ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅದು ಟಪಾಲಿನಲ್ಲಿ ಬಾಂಬುಗಳು ಬರುತ್ತಿದ್ದ ಕಾಲ. ಲಕೋಟೆ ಒಡೆಯುವ ಕೆಲಸವನ್ನು ಕಿರಿಯ ನೌಕರರಿಗೆ ಹಚ್ಚುತ್ತಿದ್ದರು. ಮೇಲಿನವರು ಯಾಕೆ ಒಡೆಯಲಿಲ್ಲವೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿರುದ್ಯೋಗಿ ಹುಡುಗರಿಗೆ ಸರ್ಕಾರ ತೋರಿಸುವ ಕೆಲಸಗಳನ್ನು ಹಂಗಿಸುವ 'ಕರಿಯರ್ ಆಪರ್ಚುನಿಟೀಸ್' ಎಂಬ ಹಾಡಿಗೆ ಈ ಅನುಭವವೂ ಸೇರಿತು.

1976ರ ಬ್ರಿಟನ್ ಎಂದರೆ ಹತ್ತು ಲಕ್ಷಕ್ಕೂ ಮೀರಿ ನಿರುದ್ಯೋಗಿಗಳಿದ್ದ ದೇಶ. ಕಾರ್ಮಿಕರ ಹೆಸರಿನ ಲೇಬರ್ ಸರ್ಕಾರವೇ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಚಾಚಿ, ಸಾಲದ ಷರತ್ತಿನಂತೆ ಜನರ ಸೌಕರ್ಯಗಳಿಗೆ ಕತ್ತರಿ ಹಾಕಿತು. ಆ ವರ್ಷ ಶಾಲೆ ಬಿಟ್ಟು ಕೆಲಸ ಸಿಗದ ಹುಡುಗರು ಹರಿದ ಅಂಗಿಗೆ ಪಿನ್ನು ಚುಚ್ಚಿಕೊಂಡು, ಎರಡು ಮೂರು ಪಟ್ಟು ಕಲಿತು, ಗಂಟಲು ಹರಿಯುವಂತೆ ಹಾಡತೊಡಗಿದರು. ಪಂಕ್ ಎಂದರೆ ಇಂಗ್ಲಿಷಿನಲ್ಲಿ ಪೋಕರಿ, ಕೆಲಸಕ್ಕೆ ಬಾರದವನು ಎಂದರ್ಥ. ಬೈಗುಳವನ್ನೇ ಬಿರುದು ಮಾಡಿಕೊಂಡರು. ಸಂಗೀತ ಬಲ್ಲವರಿಗೆ ಅದು ಗದ್ದಲ. ನಮಗೂ ಮೊದಲ ಸಲ ಕೇಳಿದಾಗ ಮಗ್ಗದ ಷೆಡ್ಡಿನಲ್ಲಿ ಕೂತಂತಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಎರಡನೆಯ ಸಲ ಕೇಳಿದಾಗ, ಮಗ್ಗದ ಷೆಡ್ಡಿನಲ್ಲಿ ಇರುವವರು ಇನ್ನೇನು ಹಾಡಬೇಕಿತ್ತು ಅನ್ನಿಸಿತು.

ಈಗ ಆ ಒಂದು ಲಕ್ಷ ಪೌಂಡಿನ ಲೆಕ್ಕಕ್ಕೆ ಬರೋಣ. ಅದು ಮುಂಗಡ. ಮುಂಗಡವೆಂದರೆ ಸಂಬಳವಲ್ಲ, ದಾನವೂ ಅಲ್ಲ, ಸಾಲ. ಹಬ್ಬಕ್ಕೆ ಮುಂಗಡ ತೆಗೆದುಕೊಂಡು ಮುಂದಿನ ಹತ್ತು ತಿಂಗಳು ಸಂಬಳದ ಚೀಟಿಯಲ್ಲಿ ಕಡಿತ ನೋಡಿದ ಪ್ರತಿಯೊಬ್ಬ ಕೂಲಿಗಾರನಿಗೂ ಇದು ಗೊತ್ತು. ಗ್ರಾಮಫೋನ್ ಕಂಪನಿಗಳ ಲೆಕ್ಕ ಇದಕ್ಕಿಂತ ಜಾಣತನದ್ದು. ಹಾಡು ಮುದ್ರಿಸುವ ಖರ್ಚು ಹಾಡುಗಾರನ ತಲೆಯ ಮೇಲೆ. ಊರೂರು ತಿರುಗಲು ಕಂಪನಿ ಕೊಟ್ಟ ಹಣವೂ ಅವನ ಖಾತೆಗೆ ಖರ್ಚು. ಪ್ಲೇಟು ಮಾರಾಟವಾದಾಗ ಒಂದೊಂದಕ್ಕೆ ಇಷ್ಟೆಂದು ಅವನಿಗೆ ಸಲ್ಲುವ ರಾಯಲ್ಟಿ ಮೊದಲು ಆ ಸಾಲಕ್ಕೆ ಜಮೆ. ಸಾಲವೆಲ್ಲ ತೀರಿದ ಮೇಲೂ ಹಾಡಿನ ಮೂಲ ಮುದ್ರಣ ಕಂಪನಿಯ ಸೊತ್ತಾಗಿಯೇ ಉಳಿಯುವುದು ಆ ಉದ್ಯಮದ ವಾಡಿಕೆ. ನೂಲು ಧಣಿಯದು, ಮಗ್ಗ ಧಣಿಯದು, ನೇದ ಸೀರೆಯೂ ಧಣಿಯದು. ನೇಕಾರನನ್ನು ಹಿಡಿದು "ನೀನು ಮಾರಿಹೋದೆ" ಎಂದು ಬೈಯುವ ನಮ್ಮ ಮಿತ್ರರು, ಗಿರಣಿಗೆ ಹೋಗುವ ಎಲ್ಲರನ್ನೂ ಹಾಗೆಯೇ ಬೈಯುತ್ತಾರೆಯೇ? ಶ್ರಮವನ್ನು ಮಾರದೆ ಉಣ್ಣುವ ದಾರಿ ಈ ವ್ಯವಸ್ಥೆಯಲ್ಲಿ ಯಾರಿಗಿದೆ ಸ್ವಾಮಿ?

ಕೇಳಬೇಕಾದ ಪ್ರಶ್ನೆ, ಮಾರಿಕೊಂಡವನು ಕಾರ್ಖಾನೆಯೊಳಗೆ ಹೋಗಿ ಬಾಯಿ ಮುಚ್ಚಿಕೊಂಡನೇ ಎಂಬುದು. 1977ರ ಮೇ ತಿಂಗಳಲ್ಲಿ ಸಿ.ಬಿ.ಎಸ್. ಕಂಪನಿ 'ರಿಮೋಟ್ ಕಂಟ್ರೋಲ್' ಎಂಬ ಹಾಡನ್ನು ತಂಡದವರನ್ನು ಒಂದು ಮಾತೂ ಕೇಳದೆ ಬಿಡಿ ಪ್ಲೇಟಾಗಿ ಮಾರುಕಟ್ಟೆಗೆ ಬಿಟ್ಟಿತು. ಜೋನ್ಸ್ ಕುಳಿತು ಕಂಪನಿಯ ಈ ದರ್ಬಾರನ್ನೇ ಜಾಡಿಸುವ 'ಕಂಪ್ಲೀಟ್ ಕಂಟ್ರೋಲ್' ಬರೆದ. ಸೆಪ್ಟೆಂಬರಿನಲ್ಲಿ ಅದು ಬಂತು. ಬಿಡುಗಡೆ ಮಾಡಿದವರು ಯಾರೆಂದು ಕೇಳುತ್ತೀರಿ. ಅದೇ ಸಿ.ಬಿ.ಎಸ್.! ತನ್ನನ್ನು ಬೈದ ಬೈಗುಳವನ್ನೂ ಪ್ಲೇಟಿಗೆ ಇಷ್ಟೆಂದು ಮಾರಿ ಲಾಭ ಎಣಿಸಿತು. ಬಂಡವಾಳಕ್ಕೆ ಮಾನಾಪಮಾನಗಳಿಲ್ಲ, ಜಮಾಖರ್ಚು ಮಾತ್ರ ಇದೆ. ಇದೇ ಕಂಪನಿ ತಂಡದ ಮೊದಲ ಪ್ಲೇಟು ಒರಟಾಯಿತೆಂದು ಅಮೆರಿಕದಲ್ಲಿ ಬಿಡುಗಡೆ ಮಾಡಲು ಒಪ್ಪಿರಲಿಲ್ಲ. ಅಲ್ಲಿನ ಅಂಗಡಿಯವರು ಇಂಗ್ಲೆಂಡಿನಿಂದ ತರಿಸಿ ತರಿಸಿ ಮಾರಿದ ಮೇಲೆ, 1979ರಲ್ಲಿ, ಅದರ ಒರಟುತನ ಕಂಪನಿಗೆ ದಿಢೀರನೆ ಇಂಪಾಯಿತು.

ಅಂಗಡಿಕಾರ ಮಿತ್ರರು ಇದನ್ನು ಗಮನವಿಟ್ಟು ಓದಬೇಕು. 'ಲಂಡನ್ ಕಾಲಿಂಗ್' ಎರಡು ಪ್ಲೇಟುಗಳ ಜೋಡಿ. ಕಂಪನಿಯ ಪ್ರಕಾರ ಜೋಡಿಗೆ ಜೋಡಿ ಬೆಲೆ. ಕೆಲಸವಿಲ್ಲದ ಹುಡುಗರು ಅಷ್ಟು ಕೊಡಲಾರರೆಂದು ತಂಡದವರು ಒಂದು ಪ್ಲೇಟಿನ ಬೆಲೆಯನ್ನೇ ಇಡಬೇಕೆಂದರು. ಕಂಪನಿ ಒಪ್ಪಲಿಲ್ಲ. ಹಾಗಾದರೆ ಒಂದರ ಜೊತೆಗೆ ಬಿಡಿ ಹಾಡಿನ ಪ್ಲೇಟೊಂದನ್ನು ಉಚಿತವಾಗಿ ಕೊಡಬಹುದೇ ಎಂದು ಕೇಳಿದರು. ಕೊಡಬಹುದೆಂದಿತು. ಆ ಉಚಿತ ಪ್ಲೇಟಿನಲ್ಲಿ ಒಂಬತ್ತು ಹಾಡು ತುಂಬಿಬಿಟ್ಟರು! ಜೋಡಿ ಪ್ಲೇಟು ಸುಮಾರು 5 ಪೌಂಡಿಗೆ ಅಂಗಡಿಗೆ ಬಂತು. ಧಣಿಯ ತಕ್ಕಡಿಯಲ್ಲೇ ಧಣಿಗೆ ತೂಕ ಹೊಡೆದ ಪ್ರಸಂಗ ವ್ಯಾಪಾರದ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಮರುವರ್ಷ ಮೂರು ಪ್ಲೇಟುಗಳ 'ಸ್ಯಾಂಡಿನಿಸ್ಟಾ!' ಬಂತು. ಮೂವತ್ತಾರು ಹಾಡು. ನಿಕರಾಗುವಾದಲ್ಲಿ ಸೊಮೋಜ ಎಂಬ ಸರ್ವಾಧಿಕಾರಿಯನ್ನು 1979ರ ಜುಲೈಯಲ್ಲಿ ಓಡಿಸಿದ ವಿಮೋಚನಾ ರಂಗದ ಹೆಸರು ಅದು. ಪ್ಲೇಟಿನ ಕಂಪನಿ ನಂಬರಿನಲ್ಲೂ ಆ ರಂಗದ ಹೆಸರಿನ ಮೊದಲಕ್ಷರಗಳನ್ನೇ ಹಾಕಿಸಿದರು. ಬೆಲೆ 5 ಪೌಂಡು 99 ಪೆನ್ಸು. ಈ ಸಲ ಕಂಪನಿ ಎಚ್ಚರವಾಗಿತ್ತು. ಅಗ್ಗದ ಬೆಲೆ ಬೇಕಿದ್ದರೆ ಬ್ರಿಟನ್ನಿನಲ್ಲಿ ಮೊದಲು ಮಾರಾಟವಾಗುವ ಎರಡು ಲಕ್ಷ ಪ್ರತಿಗಳ ಮೇಲಿನ ರಾಯಲ್ಟಿಯನ್ನು ಬಿಟ್ಟುಕೊಡಿ ಎಂದಿತು. ತಂಡದವರು ಬಿಟ್ಟುಕೊಟ್ಟರು.

ಇದನ್ನು ಕೆಲವರು ಜನತೆಯ ಜಯವೆಂದು ಹೊಗಳುತ್ತಾರೆ. ನಾವು ಅರ್ಧ ಜಯವೆನ್ನುತ್ತೇವೆ. ಗಿರಾಕಿಗೆ ಬೆಲೆ ಇಳಿಯಿತು, ಸರಿ. ಇಳಿದ ಬೆಲೆಯ ಭಾರ ಹೊತ್ತವನು ಯಾರು? ಹಾಡು ಕಟ್ಟಿದವನು. ಅರಿವೆಯ ಬೆಲೆ ಹೆಚ್ಚಾಯಿತೆಂದು ಜನ ಕೂಗಿದಾಗ ಗಿರಣಿ ಧಣಿ ಕೂಲಿಗಾರನ ಭತ್ಯವನ್ನು ಕಿತ್ತು ಬೆಲೆ ಇಳಿಸಿದರೆ ಅದು ಯಾರ ಧರ್ಮ? ಆದರೆ ಒಂದನ್ನು ಒಪ್ಪಲೇಬೇಕು. ಜೋನ್ಸನೂ ಅವನ ಜೊತೆಗಾರರೂ ಕೈಯಿಂದ ಕೊಟ್ಟರು. "ಮಾರಿಹೋದವರು" ಸಾಮಾನ್ಯವಾಗಿ ಕೈಯಿಂದ ಕೊಡುವುದಿಲ್ಲ.

ಇನ್ನು "ಇಂಗ್ಲೆಂಡಿನ ಗಿಟಾರು ನಮಗೇಕೆ" ಎಂಬವರಿಗೆ ಎರಡು ಮಾತು. 1976ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ವೇದಿಕೆಯಿಂದ ಎರಿಕ್ ಕ್ಲಾಪ್ಟನ್ ಎಂಬ ಜಗತ್ಪ್ರಸಿದ್ಧ ಗಿಟಾರುಗಾರ, ಕುಡಿದ ಅಮಲಿನಲ್ಲಿ, ವಲಸೆ ಬಂದವರನ್ನು ಹೊರಗಟ್ಟಬೇಕೆಂದು ಈನಾಕ್ ಪವೆಲ್ಲನ ಪರವಾಗಿ ಭಾಷಣ ಬಿಗಿದ. ಆ ಮಹಾಶಯನ ಕಸುಬೆಲ್ಲ ಕರಿಯರಿಂದ ಕಲಿತದ್ದು. ಎರಡು ವರ್ಷದ ಹಿಂದಷ್ಟೇ ಜಮೈಕದ ಬಾಬ್ ಮಾರ್ಲಿಯ ಹಾಡು ಹಾಡಿ ಹಣ ಮಾಡಿದ್ದ. ಬಹಳ ವರ್ಷಗಳ ಮೇಲೆ ಇದಕ್ಕಾಗಿ ನಾಚಿಕೆಪಟ್ಟೆನೆಂದು ಹೇಳಿದ್ದಾನೆ, ಅದನ್ನೂ ಬರೆಯುವುದು ನ್ಯಾಯ. ಆ ಭಾಷಣಕ್ಕೆ ಉತ್ತರವಾಗಿಯೇ 'ರಾಕ್ ಎಗೇನ್ಸ್ಟ್ ರೇಸಿಸಂ' ಎಂಬ ಚಳವಳಿ ಹುಟ್ಟಿತು. 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ಹೊರಟ ಮೆರವಣಿಗೆ ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕಿಗೆ ಬಂದಾಗ ಹತ್ತಾರು ಸಾವಿರ ಜನ. ವೇದಿಕೆಯ ಮೇಲೆ ಜೋನ್ಸನ ಗಿಟಾರು.

ಮರುವರ್ಷ ಏಪ್ರಿಲ್ 23ರಂದು ಸೌತಾಲಿನಲ್ಲಿ ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷ ಚುನಾವಣಾ ಸಭೆ ಇಟ್ಟಿತು. ಸೌತಾಲ್ ಎಂದರೆ ಲಂಡನ್ನಿನಲ್ಲಿ ಪಂಜಾಬಿನಿಂದ ಹೋದ ನಮ್ಮವರು ಬದುಕು ಕಟ್ಟಿಕೊಂಡ ಕೇರಿ. ವಿರೋಧಿಸಿ ಬೀದಿಗೆ ಬಂದವರ ಮೇಲೆ ಪೊಲೀಸರು ಬಿದ್ದರು. ಮುನ್ನೂರಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ. ಬ್ಲೇರ್ ಪೀಚ್ ಎಂಬ ಶಾಲಾ ಮಾಸ್ತರ ತಲೆಗೆ ಬಿದ್ದ ಪೆಟ್ಟಿನಿಂದ ಸತ್ತ. ಪೆಟ್ಟು ಕೊಟ್ಟವನು ಬಹುಶಃ ಪೊಲೀಸನೇ ಎಂದು ಪೊಲೀಸರದೇ ವರದಿ ಹೇಳಿತ್ತು. ಅದು ಹೊರಬರಲು 2010 ಆಗಬೇಕಾಯಿತು. ಶಿಕ್ಷೆ ಯಾರಿಗೂ ಆಗಲಿಲ್ಲ. ನಾವೂ ಒಂದು ಕಾಲಕ್ಕೆ ಸೀಮೆಸುಣ್ಣ ಹಿಡಿದವರು. ಬೇರೆಯವರ ಕೇರಿಗೆ ಹೋಗಿ ಬೇರೆಯವರಿಗಾಗಿ ಪ್ರಾಣ ಕೊಟ್ಟ ಆ ಮಾಸ್ತರನ ಹೆಸರು ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಆ ಮೊಕದ್ದಮೆಗಳ ಖರ್ಚಿಗೆಂದು ಜುಲೈಯಲ್ಲಿ ಲಂಡನ್ನಿನ ರೇನ್‌ಬೋ ಸಭಾಂಗಣದಲ್ಲಿ ಸಹಾಯಾರ್ಥ ಕಚೇರಿಗಳಾದವು. ನುಡಿಸಿದವರಲ್ಲಿ ದಿ ಕ್ಲ್ಯಾಷ್ ಒಂದು. ಅಂದು ಸಿಕ್ಕಿಬಿದ್ದ ಸಿಂಗ್‌ಗಳ ವಕೀಲರ ಫೀಜಿಗೆ ಈ "ಮಾರಿಹೋದ" ಗಿಟಾರಿನಿಂದಲೂ ನಾಲ್ಕು ಕಾಸು ಬಂದಿದೆ.

ಈಗ ನಮ್ಮ ವಿದ್ಯಾವಂತ ಮಿತ್ರರಿಗೆ ನೇರವಾಗಿ ತಾಗುವ ಪ್ರಕರಣ. 1983ರ ಮೇ 28ರಂದು ಕ್ಯಾಲಿಫೋರ್ನಿಯಾದ ಭಾರಿ ಉತ್ಸವವೊಂದರಲ್ಲಿ ಈ ತಂಡ ನುಡಿಸಿತು. ಸಂಭಾವನೆ ಐದು ಲಕ್ಷ ಡಾಲರು. ಹಿಂದೆ ಕಟ್ಟಿದ್ದ ದೊಡ್ಡ ಘೋಷಣೆ, ತಂಡ ಮಾರಾಟಕ್ಕಿಲ್ಲ ಎಂದು! ಇದಕ್ಕಿಂತ ಚೆನ್ನಾದ ಪ್ರಹಸನವನ್ನು ನಾವು ನೋಡಿಲ್ಲ. ಇರಲಿ, ಹಣ ಎಲ್ಲರೂ ತೆಗೆದುಕೊಂಡರು. ಮೂರು ತಿಂಗಳು ಕಳೆಯಿತೋ ಇಲ್ಲವೋ, ಸೆಪ್ಟೆಂಬರಿನಲ್ಲಿ, ಮಿಕ್ ಜೋನ್ಸ್ ಮೂಲ ತತ್ತ್ವದಿಂದ ದೂರ ಸರಿದಿದ್ದಾನೆಂಬ ಹೇಳಿಕೆ ಹೊರಡಿಸಿ ಅವನನ್ನು ಉಚ್ಚಾಟನೆ ಮಾಡಿದರು. ಹೊರಹಾಕಿದವರು ಗಾಯಕ ಜೋ ಸ್ಟ್ರಮ್ಮರ್ ಮತ್ತು ಸಿಮನನ್. ಹಿಂದೆ ನಿಂತು ಊದಿದವನು ಮ್ಯಾನೇಜರು ಬರ್ನಾರ್ಡ್ ರೋಡ್ಸ್. ಈ ರೋಡ್ಸನನ್ನು 1978ರಲ್ಲಿ ತಂಡವೇ ಮನೆಗೆ ಕಳಿಸಿತ್ತು. 1981ರಲ್ಲಿ ಮರಳಿ ಬಂದಿದ್ದ.

ಜೋನ್ಸನ ತಪ್ಪುಗಳೇನಿದ್ದವು? ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ದೊಡ್ಡ ನಟನಂತೆ ಬಿಂಕ ತೋರುತ್ತಿದ್ದ. ನ್ಯೂಯಾರ್ಕಿನ ಕರಿಯ ಹುಡುಗರ ಹೊಸ ಕುಣಿತದ ಸಂಗೀತಕ್ಕೆ ಮನಸೋತಿದ್ದ. ಮೊದಲನೆಯದು ನಿಜವಾದ ತಪ್ಪು, ತಡವಾಗಿ ಬರುವವರನ್ನು ನಮ್ಮ ಸಭೆಗಳಲ್ಲೂ ಸಹಿಸುವುದು ಕಷ್ಟ. ಆದರೆ ಐದು ಲಕ್ಷ ಡಾಲರನ್ನು ಹಂಚಿಕೊಳ್ಳುವಾಗ ನೆನಪಾಗದ ತತ್ತ್ವ, ಒಬ್ಬನನ್ನು ಹೊರದಬ್ಬುವಾಗ ಮಾತ್ರ ನೆನಪಾಗುವುದಾದರೆ ಅದನ್ನು ತತ್ತ್ವವೆನ್ನಲಾಗದು, ಬಡಿಗೆ ಎನ್ನಬೇಕು. ಸಮಿತಿಯ ಕೋಣೆಗಳಲ್ಲಿ ಈ ಬಡಿಗೆ ಬೀಸುವುದನ್ನು ನಾವೂ ಕಂಡಿದ್ದೇವೆ, ಒಮ್ಮೆ ಕೈಯೆತ್ತಿ ಸಮ್ಮತಿಯನ್ನೂ ಸೂಚಿಸಿದ್ದೇವೆ. ಅಂದು ಹೋದ ಗೆಳೆಯ ಮರಳಿ ಬರಲಿಲ್ಲ.

ಶುದ್ಧಿಯಾದ ತಂಡ ಏನು ಸಾಧಿಸಿತು? 1985ರಲ್ಲಿ ಒಂದು ಪ್ಲೇಟು. ಹಾಡುಗಳ ಕೆಳಗೆ ಸ್ಟ್ರಮ್ಮರನ ಜೊತೆ ಕರ್ತೃವೆಂದು ಮ್ಯಾನೇಜರನ ಹೆಸರು! ಕೇಳಿದವರು ಕಿವಿ ಮುಚ್ಚಿಕೊಂಡರು, ಮರುವರ್ಷಕ್ಕೆ ತಂಡವೇ ಇರಲಿಲ್ಲ. ಹೊರಬಿದ್ದ ಜೋನ್ಸ್ ಜಮೈಕದಿಂದ ಬಂದವರ ಮಗನಾದ ಡಾನ್ ಲೆಟ್ಸನ ಜೊತೆ 'ಬಿಗ್ ಆಡಿಯೋ ಡೈನಮೈಟ್' ಎಂಬ ತಂಡ ಕಟ್ಟಿ, ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ನಿಂತು ನುಡಿಸುವಂತೆ ಮಾಡಿದ. ಸ್ಟ್ರಮ್ಮರನಿಗೆ ಬುದ್ಧಿ ಬಂದು, ಜೋನ್ಸನನ್ನು ಹುಡುಕಿಕೊಂಡು ಬಹಾಮಾಸ್ ದ್ವೀಪದವರೆಗೂ ಹೋದ. ಹಳೆಯ ತಂಡಕ್ಕೆ ಜೋನ್ಸ್ ಮರಳಲಿಲ್ಲ. ಆದರೆ 1986ರಲ್ಲಿ ತನ್ನ ಹೊಸ ತಂಡದ ಎರಡನೆಯ ಪ್ಲೇಟಿನ ಕೆಲಸದಲ್ಲಿ ಅದೇ ಸ್ಟ್ರಮ್ಮರನನ್ನು ಜೊತೆಗೆ ಕೂರಿಸಿಕೊಂಡ. ತನ್ನನ್ನು ಹೊರಹಾಕಿದವನೊಡನೆ ಮೂರೇ ವರ್ಷದಲ್ಲಿ ಮತ್ತೆ ಕೂತು ಹಾಡು ಬರೆಯುವುದು ನಮ್ಮಲ್ಲಿ ಎಷ್ಟು ಜನರ ಕೈಲಾದೀತು?

ಇಷ್ಟು ಹೇಳಿದವರು ಈಗ ಹೇಳಲಿರುವುದನ್ನು ಮುಚ್ಚಿಟ್ಟರೆ ಮಿತ್ರರ ಮುಂದೆ ಮುಖವೆತ್ತಲಾಗದು. 1991ರಲ್ಲಿ ಲೀವೈಸ್ ಎಂಬ ಅಮೆರಿಕದ ಜೀನ್ಸ್ ಕಂಪನಿಯ ಜಾಹೀರಾತಿಗೆ ಜೋನ್ಸ್ ಹಾಡಿದ 'ಷುಡ್ ಐ ಸ್ಟೇ ಆರ್ ಷುಡ್ ಐ ಗೋ' ಎಂಬ ಹಾಡು ಹೋಯಿತು. ಮಾರ್ಚಿಯಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಷ್ಟೆಲ್ಲ ಹಾಡಿದ ತಂಡಕ್ಕೆ ಅಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಅದೊಂದೇ ಸಲ, ಚಲ್ಲಣದ ಜಾಹೀರಾತಿನಿಂದ.

ಆ ಚಲ್ಲಣ ಹೊಲಿದವರ ಕತೆ ಕೇಳಿ. 1990ರ ಜನವರಿಯಲ್ಲಿ ಲೀವೈಸ್ ಕಂಪನಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಕಾರ್ಖಾನೆಗೆ ಬೀಗ ಹಾಕುವುದಾಗಿ ಸಾರಿತು. ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಹೆಚ್ಚಿನವರು ಮೆಕ್ಸಿಕೊ ಮೂಲದ ಹೆಂಗಸರು, ಹೊಲಿಗೆ ಯಂತ್ರದ ಮುಂದೆ ಬೆರಳು ಸವೆಸಿದವರು. ಕೆಲಸವನ್ನು ಕೂಲಿ ಅಗ್ಗವಾದ ಕೋಸ್ಟರಿಕಾಕ್ಕೆ ಸಾಗಿಸಿದರು. ಆ ಹೆಂಗಸರು 'ಫುಯೆರ್ಸಾ ಉನೀದಾ' ಎಂಬ ಸಂಘ ಕಟ್ಟಿ ಲೀವೈಸ್ ಜೀನ್ಸ್ ಕೊಳ್ಳಬೇಡಿರೆಂದು ಊರೂರು ಸಾರುತ್ತಿದ್ದ ಹೊತ್ತಿನಲ್ಲೇ ಈ ಕಡೆ ಜೋನ್ಸನ ಗಿಟಾರು ಕೊಳ್ಳಿರೆಂದು ಸಾರುತ್ತಿತ್ತು. ಅವನಿಗೆ ಸ್ಯಾನ್ ಆಂಟೋನಿಯೊದ ಸುದ್ದಿ ತಿಳಿದಿತ್ತೆಂದು ನಾವು ಹೇಳುವುದಿಲ್ಲ. ತಿಳಿದುಕೊಳ್ಳಬೇಕಿತ್ತು ಎಂದು ಹೇಳುತ್ತೇವೆ. ಸೂಜಿ ಹಿಡಿದವರ ಕಣ್ಣಿನಲ್ಲಿ ಇದು ಒಂದು ಲಕ್ಷ ಪೌಂಡಿನ ಮುಂಗಡಕ್ಕಿಂತ ದೊಡ್ಡ ತಪ್ಪು. ವಿಚಿತ್ರವೆಂದರೆ 1977ರ ಸಹಿಯನ್ನು ಮರೆಯದ ಶುದ್ಧಾತ್ಮರ ಬಾಯಲ್ಲಿ ಸ್ಯಾನ್ ಆಂಟೋನಿಯೊದ ಹೆಂಗಸರ ಹೆಸರನ್ನು ನಾವು ಒಮ್ಮೆಯೂ ಕೇಳಿಲ್ಲ. ಅವರಿಗೆ ಬೇಸರವಾಗಿರುವುದು ಕಲೆಯ ಮೈಲಿಗೆಗೆ, ಕೂಲಿಗಾರರ ಹೊಟ್ಟೆಗಲ್ಲ.

ಲೆಕ್ಕದ ಪುಸ್ತಕದ ಇನ್ನೊಂದು ಪುಟವನ್ನೂ ತಿರುವಬೇಕು. 2011ರದ್ದನ್ನು ಮೊದಲು ಹೇಳಿ ಹಿಂದಕ್ಕೆ ಬರುತ್ತೇವೆ. 1989ರ ಏಪ್ರಿಲ್ 15ರಂದು ಷೆಫೀಲ್ಡ್ ನಗರದ ಹಿಲ್ಸ್‌ಬರೊ ಮೈದಾನದಲ್ಲಿ ಫುಟ್‌ಬಾಲ್ ನೋಡಲು ಹೋದ ಲಿವರ್‌ಪೂಲಿನ ಜನ ಕಾಲ್ತುಳಿತಕ್ಕೆ, ನೂಕುನುಗ್ಗಲಿಗೆ ಸಿಕ್ಕರು. ಸತ್ತವರ ಲೆಕ್ಕ ಕೊನೆಗೆ 97. ತಪ್ಪು ಪೊಲೀಸರದು, ಆದರೆ ಕುಡುಕ ಜನರದೇ ತಪ್ಪೆಂದು ಪೊಲೀಸರು ಹೇಳಿದ ಸುಳ್ಳನ್ನು 'ಸನ್' ಪತ್ರಿಕೆ ಮುಖಪುಟದಲ್ಲಿ ಅಚ್ಚುಹಾಕಿತು. ಲಿವರ್‌ಪೂಲಿನಲ್ಲಿ ಅಂದಿನಿಂದ ಆ ಪತ್ರಿಕೆಯನ್ನು ಮುಟ್ಟದ ಮನೆಗಳು ಅಸಂಖ್ಯ. ಜೋನ್ಸ್ ಆ ಊರಿನವನಲ್ಲ, ಆ ಊರಿನ ತಂಡದ ಅಭಿಮಾನಿಯೂ ಅಲ್ಲ. ಆದರೂ 2011ರಲ್ಲಿ ಸತ್ತವರ ಕುಟುಂಬಗಳ ಹೋರಾಟಕ್ಕಾಗಿ, ವರ್ಷಗಟ್ಟಲೆ ಮುಟ್ಟದಿದ್ದ ಕ್ಲ್ಯಾಷ್‌ನ ಹಾಡುಗಳನ್ನು ಮತ್ತೆ ಎತ್ತಿಕೊಂಡು ಊರೂರು ತಿರುಗಿದ. ಅದು ಕಾನೂನುಬಾಹಿರ ಹತ್ಯೆಯೆಂದು 2016ರಲ್ಲಿ ಜ್ಯೂರಿ ಹೇಳಿತು.

ಇನ್ನು 2002. ಬ್ರಿಟನ್ನಿನ ಅಗ್ನಿಶಾಮಕ ನೌಕರರು ವರ್ಷಕ್ಕೆ 30,000 ಪೌಂಡು ಸಂಬಳ ಬೇಕೆಂದರು, ಅಂದರೆ ನೂರಕ್ಕೆ ಸುಮಾರು 40 ಏರಿಕೆ. ಟೋನಿ ಬ್ಲೇರನ ಲೇಬರ್ ಸರ್ಕಾರ ಒಪ್ಪಲಿಲ್ಲ. 1977ರ ನಂತರ ಮೊದಲ ಬಾರಿಗೆ ದೇಶವ್ಯಾಪಿ ಮುಷ್ಕರವಾಯಿತು. ಸರ್ಕಾರ ಸೈನಿಕರನ್ನು ಕರೆಸಿ, 1950ರ ದಶಕದ ಹಸಿರು ಲಾರಿಗಳನ್ನು ಗೋದಾಮಿನಿಂದ ಎಳೆಸಿ ಬೆಂಕಿ ಆರಿಸಲು ಕಳಿಸಿತು. ನವೆಂಬರ್ 15ರ ಸಂಜೆ ಮೊದಲ 48 ಗಂಟೆಗಳ ಮುಷ್ಕರ ಮುಗಿಯಿತು. ಅದೇ ರಾತ್ರಿ ಪಶ್ಚಿಮ ಲಂಡನ್ನಿನ ಆ್ಯಕ್ಟನ್ ಪುರಭವನದಲ್ಲಿ ಅಗ್ನಿಶಾಮಕ ಯೂನಿಯನ್ನಿನ ಸಹಾಯಾರ್ಥ ಜೋ ಸ್ಟ್ರಮ್ಮರ್ ತನ್ನ ಹೊಸ ತಂಡದೊಡನೆ ನುಡಿಸುತ್ತಿದ್ದ. ಸಭಿಕರ ನಡುವೆ ಜೋನ್ಸ್ ನಿಂತಿದ್ದ. ಕಾರ್ಯಕ್ರಮದಲ್ಲಿ ಅವನ ಹೆಸರಿರಲಿಲ್ಲ, ಯಾರೂ ಕರೆದಿರಲಿಲ್ಲ. 1983ರ ಉಚ್ಚಾಟನೆಯಾದ ಮೇಲೆ ಇಬ್ಬರೂ ಒಂದೇ ವೇದಿಕೆಯಲ್ಲಿ ನುಡಿಸಿರಲಿಲ್ಲ.

ಕಚೇರಿಯ ಕೊನೆಯ ಭಾಗದಲ್ಲಿ 'ಬ್ಯಾಂಕ್‌ರಾಬರ್' ಎಂಬ ಹಳೆಯ ಹಾಡು ಶುರುವಾಯಿತು. ಜೋನ್ಸ್ ತಾನಾಗಿ ಮೆಟ್ಟಿಲು ಹತ್ತಿ, ಗಿಟಾರು ಹಾಕಿಕೊಂಡು, ಜೊತೆಗೆ ನಿಂತ. ಆಮೇಲೆ ಇನ್ನೆರಡು ಹಾಡು. ಕೊನೆಯದು ಬೆಂಕಿ ಆರಿಸುವವರಿಗೆ ಬೇರೆ ಯಾವುದು ಹೊಂದೀತು, 'ಲಂಡನ್ಸ್ ಬರ್ನಿಂಗ್'. ಸಭೆಯಲ್ಲಿ ಮುಷ್ಕರದಿಂದ ಬಂದವರೂ ಇದ್ದರು.

ಡಿಸೆಂಬರ್ 22ರಂದು ಸ್ಟ್ರಮ್ಮರ್ ಹೃದಯದ ಹುಟ್ಟುದೋಷದಿಂದ ಹಠಾತ್ತನೆ ತೀರಿಕೊಂಡ, ವಯಸ್ಸು ಐವತ್ತು. ನೌಕರರು ಕೇಳಿದ್ದು ನೂರಕ್ಕೆ 40. 2003ರ ಜೂನಿನಲ್ಲಿ ಸಿಕ್ಕಿದ್ದು ಮೂರು ವರ್ಷಕ್ಕೆ ಹಂಚಿ 16, ಜೊತೆಗೆ ಸರ್ಕಾರದ ಷರತ್ತುಗಳು.